ಹಾರ್ಡ್ಲಿ ಅಂದರೆ ಗಟ್ಟಿ

ಒಂದು ಊರಿನ ಶಾಲೆಯ ಹಿಂದೆ ಎಪ್ಪತ್ತು ಅಡಿ ಆಳದ ಒಂದು ಹಳೆಯ ಬಾವಿ ಇತ್ತು. ಸುತ್ತ ಕಲ್ಲು ಕಟ್ಟಿದ ದುಂಡು ಬಾವಿ, ಇಳಿಯಲು ಮೆಟ್ಟಿಲಿಲ್ಲ. ಹತ್ತು ವರ್ಷದಿಂದ ಯಾರೂ ಅದರ ಹೂಳು ತೆಗೆದಿರಲಿಲ್ಲ. ಆ ವರ್ಷ ಶಿವರಾತ್ರಿ ಕಳೆಯುವ ಹೊತ್ತಿಗೆ ಶಾಲೆಯ ನಲ್ಲಿ ಬತ್ತಿತು. ಹೆಡ್‌ಮಿಸ್ ವನಮಾಲಾ ಟೀಚರ್ ಬಾವಿ ಕೆಲಸದ ಪಾಲಯ್ಯನನ್ನು ಕರೆಸಿದರು.

ಪಾಲಯ್ಯನ ತಂಡದಲ್ಲಿ ಐದೇ ಜನ. ಕೆಳಗಿಳಿದು ಗುದ್ದಲಿ ಹಿಡಿಯುವವನು ಪಾಲಯ್ಯ. ಅವನ ಜೊತೆ ಇಳಿದು ಬಾಂಡ್ಲಿಗೆ ಕೆಸರು ತುಂಬುವವಳು ಅವನ ಹೆಂಡತಿ ದುರುಗಮ್ಮ. ಮೇಲೆ ನಿಂತು ಕ್ರೇನಿನ ಹ್ಯಾಂಡಲ್ ತಿರುಗಿಸುವವರು ಮೂವರು: ಬೋರಣ್ಣ, ಬೋರಣ್ಣನ ತಮ್ಮ, ಮತ್ತು ಪಾಲಯ್ಯನ ಅಳಿಯ ಓಬಳೇಶ. ಕ್ರೇನು ಅಂದರೆ ದೊಡ್ಡ ಯಂತ್ರವೇನಲ್ಲ ಮಕ್ಕಳೇ. ಮೂರು ಕಬ್ಬಿಣದ ಕಾಲು, ಒಂದು ರಾಟೆ, ಒಂದು ತಂತಿ ಹಗ್ಗ, ಹಗ್ಗದ ತುದಿಗೆ ಒಂದು ಕಬ್ಬಿಣದ ಬುಟ್ಟಿ. ಹೂಳು ಬರುವುದೂ ಅದೇ ಬುಟ್ಟಿಯಲ್ಲಿ, ಜನ ಹೋಗಿ ಬರುವುದೂ ಅದೇ ಬುಟ್ಟಿಯಲ್ಲಿ.

ಓಬಳೇಶ ಪಿಯುಸಿ ಓದಿದ್ದ. ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು ಅಂಕ ತೆಗೆದು ಪಾಸಾಗಿದ್ದ. ಉಳಿದ ನಾಲ್ವರೂ ಹೆಬ್ಬೆಟ್ಟಿನವರು. ಹಾಗಾಗಿ ಮಾತ್ರೆಯ ಚೀಟಿ ಇರಲಿ, ಮೊಬೈಲಿಗೆ ಬಂದ ಮೆಸೇಜ್ ಇರಲಿ, ಓಬಳೇಶನೇ ಓದಬೇಕು. ಅವನು ಹೇಳಿದ್ದೇ ಅರ್ಥ. ಇದು ಬಲು ಅಪಾಯದ ಜಾಗ. ತಪ್ಪು ಹೇಳಿದರೆ ಹಿಡಿಯುವವರು ಯಾರೂ ಇಲ್ಲದ ಕಡೆ ಮನುಷ್ಯನಿಗೆ ‘ನನಗೆ ಗೊತ್ತಿಲ್ಲ’ ಅನ್ನುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಪಾಲಯ್ಯನ ಹಗ್ಗ ಹಳೆಯದಾಗಿತ್ತು. ಅದು ಅವನಿಗೂ ಗೊತ್ತು. ಅದಕ್ಕೇ ಅವನು ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದ: ಬುಟ್ಟಿಯಲ್ಲಿ ಒಂದು ಸಲಕ್ಕೆ ಒಬ್ಬರೇ. ದುರುಗಮ್ಮನಿಗೆ ಮಾತ್ರ ಇದು ಇಷ್ಟವಿರಲಿಲ್ಲ. ಒಬ್ಬಳೇ ಕೂತು ತೂಗಾಡುತ್ತ ಇಳಿದರೆ ಅವಳಿಗೆ ತಲೆ ಸುತ್ತುತ್ತಿತ್ತು.

ಅಲ್ಲೇ ಹತ್ತಿರದಲ್ಲಿ ರಸ್ತೆ ಕೆಲಸ ನಡೆದಿತ್ತು. ಅಲ್ಲಿನ ಇಂಜಿನಿಯರ್ ದೂರದ ರಾಜ್ಯದವರು, ಕನ್ನಡ ಬಾರದು. ವನಮಾಲಾ ಟೀಚರ್ ಅವರನ್ನು ಒಮ್ಮೆ ಹಗ್ಗ ನೋಡಿಕೊಂಡು ಹೋಗಿ ಎಂದು ಕೇಳಿಕೊಂಡಿದ್ದರು. ಬೆಳಿಗ್ಗೆ ಅವರು ಬೈಕಿನಲ್ಲಿ ಬಂದಾಗ ಟೀಚರ್ ತರಗತಿಯಲ್ಲಿದ್ದರು. ಇಂಜಿನಿಯರ್ ಹಗ್ಗವನ್ನು ಅಂಗೈಯಲ್ಲಿ ಉಜ್ಜಿ ನೋಡಿದರು, ಜಗ್ಗಿದರು, ತಲೆ ಅಲ್ಲಾಡಿಸಿದರು. ನಮ್ಮ ದೇಶದಲ್ಲಿ ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ಹೇಳುವುದು ಕಷ್ಟ. ಆಮೇಲೆ ಜೇಬಿನಿಂದ ಚೀಟಿ ತೆಗೆದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಪಾಲಯ್ಯನ ಕೈಗೆ ಕೊಟ್ಟು ಹೊರಟುಹೋದರು.

ಪಾಲಯ್ಯ ಅದನ್ನು ಅಳಿಯನಿಗೆ ಕೊಟ್ಟ. “ಅದೇನ್ ಬರ್ದವ್ರೋ ನೋಡಪ್ಪ.”

ಚೀಟಿಯಲ್ಲಿದ್ದದ್ದು ಇಷ್ಟು: ‘ದಿಸ್ ರೋಪ್ ವಿಲ್ ಹಾರ್ಡ್ಲಿ ಬೇರ್ ಟೂ ಮೆನ್.’

ರೋಪ್ ಅಂದರೆ ಹಗ್ಗ, ಓಬಳೇಶನಿಗೆ ಗೊತ್ತು. ಟೂ ಮೆನ್ ಅಂದರೆ ಇಬ್ಬರು, ಗೊತ್ತು. ಬೇರ್ ಅಂದರೆ ಹೊರುವುದು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದ, ಅದೂ ಗೊತ್ತು. ನಡುವೆ ಹಾರ್ಡ್ಲಿ. ಅಲ್ಲಿ ಅವನು ತಡೆದ. ನಾಲ್ಕು ಜನ ಅವನ ಬಾಯಿ ನೋಡುತ್ತಿದ್ದರು.

ಅವನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದ. ಸ್ಲೋ ಅಂದರೆ ನಿಧಾನ, ಸ್ಲೋಲಿ ಅಂದರೆ ನಿಧಾನವಾಗಿ. ಸಾಫ್ಟ್ ಅಂದರೆ ಮೆತ್ತಗೆ, ಸಾಫ್ಟ್‌ಲಿ ಅಂದರೂ ಮೆತ್ತಗೆ. ಹಾರ್ಡ್ ಅಂದರೆ ಗಟ್ಟಿ. ಹಾಗಾದರೆ ಹಾರ್ಡ್ಲಿ ಅಂದರೆ ಗಟ್ಟಿಯಾಗಿ. ಎಷ್ಟು ಚೆಂದದ ಲೆಕ್ಕ ನೋಡಿ, ಒಂದು ಹೆಜ್ಜೆಯೂ ತಪ್ಪಿಲ್ಲ, ಉತ್ತರ ಮಾತ್ರ ಉಲ್ಟಾ. ಇಂಗ್ಲಿಷಿಗೆ ಈ ಚೇಷ್ಟೆ ಉಂಟು. ಹತ್ತು ಪದಕ್ಕೆ ಒಂದು ದಾರಿ ತೋರಿಸಿ ಹನ್ನೊಂದನೆಯದರಲ್ಲಿ ಅಡ್ಡಗಾಲು ಹಾಕುತ್ತದೆ. ಡಿಗ್ರಿ ಮುಗಿಸಿದವರೇ ‘ಐ ವರ್ಕ್ಡ್ ಹಾರ್ಡ್ಲಿ’ ಅಂದುಬಿಡುತ್ತಾರೆ. ಕಷ್ಟಪಟ್ಟು ದುಡಿದೆ ಅಂತ ಅವರ ಭಾವ. ಕೇಳಿದವರಿಗೆ ತಿಳಿಯುವುದು, ಈ ಮಹಾಶಯ ಕೆಲಸವನ್ನೇ ಮಾಡಿಲ್ಲ ಅಂತ. ಅಲ್ಲಾದರೆ ನಕ್ಕು ಬಿಡಬಹುದು. ಬಾವಿಯ ಕಟ್ಟೆಯ ಮೇಲೆ ನಗುವ ಹಾಗಿರಲಿಲ್ಲ.

“ಹಗ್ಗ ಇಬ್ರನ್ನ ಗಟ್ಟಿಯಾಗಿ ಹೊರ್ತದೆ ಅಂತ ಬರ್ದವ್ರೆ ಮಾವ.”

“ಗಟ್ಟಿಯಾಗಿ ಅಂತ್ಲೇ ಐತಾ?”

“ಹೂಂ. ಹಾರ್ಡ್ಲಿ ಅಂತ ಐತೆ. ಹಾರ್ಡು ಅಂದ್ರೆ ಗಟ್ಟಿ.”

ದುರುಗಮ್ಮ ಸೆರಗು ಸೊಂಟಕ್ಕೆ ಬಿಗಿದು, “ಇವತ್ತಾದ್ರೂ ನಿನ್ನ ಪಕ್ಕ ಕುಂತ್ಕಂಡು ಇಳೀಬೌದಲ್ಲ” ಎಂದು ಗಂಡನನ್ನು ನೂಕಿದಳು. ಇಬ್ಬರೂ ಒಂದೇ ಬುಟ್ಟಿಯಲ್ಲಿ ಕೂತು ಇಳಿದರು. ಹಗ್ಗ ಕಿರ್ ಅಂದಿತು. ಆದರೆ ತಾಳಿಕೊಂಡಿತು.

ಮಧ್ಯಾಹ್ನದವರೆಗೆ ಕೆಸರು ಮೇಲೆ ಬಂತು. ಬಿಸಿಲೇರಿದಾಗ ವನಮಾಲಾ ಟೀಚರ್ ಜಗಲಿಗೆ ಬಂದು ನೀರಿನ ಟ್ಯಾಂಕರಿನವನಿಗೆ ಫೋನ್ ಮಾಡಿದರು. “ಇಲ್ಲಪ್ಪ, ನೀನು ಇವತ್ತು ಬರಲೇಬೇಕು. ನಲ್ಲಿಯಲ್ಲಿ ಹಾರ್ಡ್ಲಿ ಎರಡು ಕೊಡ ಬಂತು, ನೂರು ಮಕ್ಕಳಿಗೆ ಅದು ಏನು ಸಾಕು? ಹೋದ ಸಲ ಹಾರ್ಡ್ಲಿ ಹತ್ತು ನಿಮಿಷ ನಿಂತು ಓಡಿಹೋದೆ.”

ಓಬಳೇಶನ ಕೈ ನಿಧಾನವಾಯಿತು.

ಗಟ್ಟಿಯಾಗಿ ಎರಡು ಕೊಡ ಬಂದಿದ್ದರೆ ಟೀಚರ್ ಯಾಕೆ ದೂರುತ್ತಾರೆ? ಗಟ್ಟಿಯಾಗಿ ಹತ್ತು ನಿಮಿಷ ಅಂದರೆ ಏನರ್ಥ? ಚೀಟಿ ಜೇಬಿನಲ್ಲೇ ಇತ್ತು. ಟೀಚರ್ ಹತ್ತೇ ಹೆಜ್ಜೆ ದೂರದಲ್ಲಿದ್ದರು. ಹೋಗಿ ಕೇಳಿದರೆ ಮುಗಿಯಿತು. ಆದರೆ ಪಕ್ಕದಲ್ಲೇ ಬೋರಣ್ಣ ಇದ್ದ. ‘ಅಯ್ಯೋ, ನಮ್ಮ ಇಂಗ್ಲಿಷ್ ಸಾಹೇಬ್ರಿಗೇ ಬರಲ್ವಾ’ ಅಂತ ಅವನು ಹೇಳುವುದು ಓಬಳೇಶನ ಕಿವಿಗೆ ಈಗಲೇ ಕೇಳಿಸಿತು. ಟೀಚರ್ ಬೇರೇನೋ ಅರ್ಥದಲ್ಲಿ ಹೇಳಿರಬೇಕು ಎಂದುಕೊಂಡ. ಬೆಳಿಗ್ಗೆ ಇಬ್ಬರನ್ನೂ ಹೊತ್ತ ಹಗ್ಗ ಸಂಜೆ ಹೊರುವುದಿಲ್ಲವೇ ಎಂದುಕೊಂಡ. ಹೆದರಿದ ಮನಸ್ಸು ಎಷ್ಟು ಬೇಗ ಸಮಾಧಾನ ಹೊಂಚಿಕೊಳ್ಳುತ್ತದೆ ನೋಡಿ. ಟೀಚರ್ ಒಳಗೆ ಹೋದರು. ಅವನು ಸುಮ್ಮನೆ ಹ್ಯಾಂಡಲ್ ತಿರುಗಿಸಿದ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಪಾಲಯ್ಯನ ಕೂಗು ಬಂತು.

“ಸೆಲೆ ಒಡೀತು ಕಣ್ರೋ. ಭಾರೀ ಸೆಲೆ. ಆಗಲೇ ಮೊಣಕಾಲಿಗೆ ಬಂತು. ಇಬ್ರೂ ಬುಟ್ಟೀಲಿ ಕುಂತೀವಿ, ಎಳೀರಿ.”

ಅವನ ದನಿಯಲ್ಲಿ ಖುಷಿ ಇತ್ತು. ನೀರು ಕಂಡ ಬಾವಿ ಕೆಲಸದವನ ಖುಷಿ. ಮೇಲೆ ಓಬಳೇಶ ಹ್ಯಾಂಡಲನ್ನು ಅದುಮಿ ಹಿಡಿದು ನಿಂತ.

“ಎಳಿಯೋ” ಎಂದ ಬೋರಣ್ಣ.

ಓಬಳೇಶ ಕಟ್ಟೆಯ ಮೇಲಿಂದ ಬಗ್ಗಿದ. “ಒಬ್ಬೊಬ್ರೇ ಬರ್ರಿ ಮಾವ.”

“ಯಾಕ್ಲಾ?”

ಈಗಲಾದರೂ ಹೇಳಬಹುದಿತ್ತು. ನಾಲಿಗೆ ಬೇರೆ ಕಡೆ ತಿರುಗಿತು. “ಕೈ ಸೋತೈತೆ ಮಾವ.”

“ಮೂರು ಗಂಡಸ್ರು ಸೇರಿ ಮುದುಕ ಮುದುಕೀನ ಎಳಿಯಾಕಾಗಲ್ವಾ?” ದುರುಗಮ್ಮನ ನಗು ಬಾವಿಯ ಗೋಡೆಗಳಿಗೆ ಬಡಿದು ಮೇಲೆ ಬಂತು. “ಬಳೆ ತೊಟ್ಕಳ್ರಿ.”

ಬೋರಣ್ಣನಿಗೆ ರೇಗಿತು. “ಸೋತಿರೋದು ಅವನ ಕೈ ಕಣಕ್ಕೋ, ನನ್ದಲ್ಲ” ಎಂದು ತಮ್ಮನ ಜೊತೆ ಸೇರಿ ಹ್ಯಾಂಡಲ್ ತಿರುಗಿಸಿಯೇಬಿಟ್ಟ. ಹಗ್ಗ ಬಿಗಿಯಾಯಿತು. ಬುಟ್ಟಿ ನೀರಿನಿಂದ ಒಂದು ಗೇಣು ಎದ್ದಿತು. ಆಗ ಟಣ್ ಎಂದು ಸಣ್ಣ ಸದ್ದಾಯಿತು. ರಾಟೆಯ ಕೆಳಗೆ ಹಗ್ಗದ ಒಂದು ಎಳೆ ಕಿತ್ತು ಮುಳ್ಳಿನ ಹಾಗೆ ಹೊರಗೆ ಚಾಚಿಕೊಂಡಿತು.

“ಇಳಿಸು, ಇಳಿಸು” ಎಂದು ಓಬಳೇಶ ಬೋರಣ್ಣನ ತೋಳು ಹಿಡಿದು ಕೆಳಗೆ ಎಳೆದ. ಬುಟ್ಟಿ ಮತ್ತೆ ನೀರಿಗೆ ಕೂತಿತು. ಗಲಾಟೆ ಕೇಳಿ ವನಮಾಲಾ ಟೀಚರ್ ಓಡಿ ಬಂದರು. ಓಬಳೇಶ ಚೀಟಿ ತೆಗೆದು ಅವರ ಮುಂದೆ ಹಿಡಿದ.

“ಟೀಚರ್, ಹಾರ್ಡ್ಲಿ ಅಂದ್ರೇನು?”

“ಹಾರ್ಡ್ಲಿ ಅಂದರೆ ಅಷ್ಟಕ್ಕಷ್ಟೇ ಅಂತ. ಆಗೋದೇ ಅನುಮಾನ ಅಂತ.” ಹೇಳುತ್ತಲೇ ಅವರು ಚೀಟಿ ಓದಿದರು. “ಹಗ್ಗ ಇಬ್ಬರನ್ನು ತಾಳೋದು ಅನುಮಾನ ಅಂತ ಬರೆದಿದ್ದಾರಲ್ಲಪ್ಪ. ಕೆಳಗೆ ಎಷ್ಟು ಜನ ಇದ್ದಾರೆ?”

ಬೋರಣ್ಣ ಓಬಳೇಶನನ್ನೇ ನೋಡುತ್ತಿದ್ದ.

ಓಬಳೇಶ ಕಟ್ಟೆಯ ಮೇಲೆ ಹೊಟ್ಟೆಯೂರಿ ಮಲಗಿ ಬಾವಿಯೊಳಗೆ ತಲೆ ಹಾಕಿದ. “ಮಾವ, ಚೀಟಿ ತಪ್ಪು ಓದ್ದೆ. ಆ ಪದ ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ದೋನ ಥರ ಹೇಳ್ದೆ. ಹಗ್ಗ ಇಬ್ರನ್ನ ಹೊರಲ್ಲ. ಈಗ ಒಂದೆಳೆ ಕಿತ್ತೋಯ್ತು.”

ಕೆಳಗೆ ನೀರು ಉಕ್ಕುತ್ತಲೇ ಇತ್ತು. ಆಮೇಲೆ ಒಂದು ಕಲ್ಲು ಗೋಡೆಯಿಂದ ಜಾರಿ ದುಡುಮ್ಮನೆ ನೀರಿಗೆ ಬಿತ್ತು. ಬುಡದ ಮಣ್ಣು ನೆನೆದು ಬಾವಿಯ ಹಳೆಯ ಕಲ್ಲುಗೋಡೆ ಸಡಿಲವಾಗುತ್ತಿತ್ತು. ಬೇರೆ ಹಗ್ಗ ತರುತ್ತೇವೆಂದರೆ ತಾಲ್ಲೂಕಿಗೆ ಹೋಗಿ ಬರಬೇಕು. ಅಷ್ಟು ಹೊತ್ತು ಆ ಗೋಡೆ ಕಾಯುವ ಹಾಗಿರಲಿಲ್ಲ.

“ನೀನು ಹತ್ತೇ” ಎಂದ ಪಾಲಯ್ಯ.

“ನೀನ್ ಹತ್ತು. ನಾನ್ ಆಮೇಲೆ ಬತ್ತೀನಿ.”

“ನಂಗೆ ಈಜು ಬತ್ತದೆ. ನಿಂಗೆ ಬರಲ್ಲ. ಜಗಳ ಮೇಲೆ ಹೋಗಿ ಆಡಾನ, ಹತ್ತು.”

ದುರುಗಮ್ಮ ಒಬ್ಬಳೇ ಮೇಲೆ ಬಂದಳು. ಕಣ್ಣು ಮುಚ್ಚಿ, ಬುಟ್ಟಿಯ ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಬಂದಳು. ಮೂವರೂ ಹ್ಯಾಂಡಲ್ ತಿರುಗಿಸಿದರು. ಆ ಕಿತ್ತ ಎಳೆ ರಾಟೆ ದಾಟುವಾಗ ಕೆರೆದು ಸದ್ದು ಮಾಡಿತು. ಅವಳು ಕಟ್ಟೆ ದಾಟಿದ್ದೇ ತಡ, ಖಾಲಿ ಬುಟ್ಟಿ ಕೆಳಗೆ ಬಿಟ್ಟರು. ಅದು ನೀರು ಮುಟ್ಟಿದ ಸದ್ದು ಕೇಳಿತು.

“ಹತ್ತಿದ್ಯಾ ಮಾವ?”

ಉತ್ತರವಿಲ್ಲ.

“ಮಾವ?”

ಕೆಳಗೆ ಇನ್ನೊಂದು ಕಲ್ಲು ಬಿತ್ತು. ದುರುಗಮ್ಮ ಕಟ್ಟೆಯ ಬುಡದಲ್ಲಿ ಕೂತುಬಿಟ್ಟಳು. ಬೋರಣ್ಣನ ತಮ್ಮ ದೇವರ ಹೆಸರು ಹೇಳತೊಡಗಿದ. ಓಬಳೇಶ ಕಪ್ಪು ನೀರನ್ನೇ ದಿಟ್ಟಿಸಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಚೀಟಿ ಹಿಡಿದು ತಡೆದಿದ್ದ ಆ ಒಂದು ಗಳಿಗೆ ಅವನಿಗೆ ನೆನಪಾಯಿತು. ‘ಇದೊಂದು ಪದ ಗೊತ್ತಿಲ್ಲ ಮಾವ, ಟೀಚರ್‌ನ ಕೇಳ್ಕೊಂಡು ಬತ್ತೀನಿ’ ಅನ್ನಲು ಎಷ್ಟು ಹೊತ್ತು ಬೇಕಿತ್ತು?

ಹಗ್ಗ ಒಮ್ಮೆ ಜಗ್ಗಿತು.

ಎಳೆದರು. ಇಪ್ಪತ್ತು ಅಡಿ ಬಂದಿರಬೇಕು, ಎರಡನೆಯ ಎಳೆ ಕಿತ್ತಿತು. ಯಾರೂ ನಿಲ್ಲಿಸಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ಕಟ್ಟೆಗೆ ಇನ್ನು ಒಂದು ಆಳುದ್ದ ಇದೆ ಅನ್ನುವಾಗ ಮೂರನೆಯದೂ ಹೋಯಿತು. ಬುಟ್ಟಿ ಗರಗರ ತಿರುಗತೊಡಗಿತು. ವನಮಾಲಾ ಟೀಚರ್ ಸೀರೆ ಕೆಸರಾಗುವುದನ್ನೂ ನೋಡದೆ ಹ್ಯಾಂಡಲಿಗೆ ಕೈ ಹಾಕಿದರು. ಓಬಳೇಶ ಕಟ್ಟೆಗೆ ಹಾರಿ, ಬಗ್ಗಿ, ಮಾವನ ಮಣಿಕಟ್ಟು ಹಿಡಿದ. ಬೋರಣ್ಣ ಓಬಳೇಶನ ಸೊಂಟ ಹಿಡಿದ. ಪಾಲಯ್ಯ ಕಟ್ಟೆಯ ಈಚೆ ಬಂದು ಬಿದ್ದ. ಹಣೆಯಲ್ಲಿ ಕಲ್ಲಿನ ಗಾಯ, ಬಾಯ ತುಂಬ ಕೆಸರು.

ಮೊದಲು ಎದ್ದವಳು ದುರುಗಮ್ಮ. ಅಳಿಯನ ಹತ್ತಿರ ಬಂದು ಕೆಸರು ಕೈಯಲ್ಲೇ ಅವನ ಕೆನ್ನೆಗೆ ಒಂದು ಬಿಟ್ಟಳು. “ನನ್ನ ಮಗಳಿಗೆ ಏನಂತ ಹೇಳ್ತಿದ್ದೆ? ನಿಮ್ಮಪ್ಪನ್ನೂ ನಿಮ್ಮವ್ವನ್ನೂ ಇಂಗ್ಲಿಷ್ನಾಗೆ ಸಾಯಿಸ್ದೆ ಅಂತಿದ್ಯಾ?”

ಓಬಳೇಶ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಬೋರಣ್ಣ ಪಾಲಯ್ಯನಿಗೆ ನೀರು ಕೊಡುತ್ತ, “ಇನ್ಮ್ಯಾಕೆ ಇವನ ಕೈಗೆ ಚೀಟಿ ಗೀಟಿ ಕೊಡಬ್ಯಾಡ ಕಣಣ್ಣ. ಟೀಚರ್ರನ್ನೋ ಯಾರನ್ನೋ ಕೇಳಾನ” ಎಂದ.

ಪಾಲಯ್ಯ ಬಾಯಿ ಮುಕ್ಕಳಿಸಿ ಉಗುಳಿ ಅಳಿಯನ ಕಡೆ ನೋಡಿದ.

“ಇಲ್ಲ, ಇವನ ಕೈಗೇ ಕೊಡಾನ” ಎಂದ. “ಓದಾಕೆ ಇವನಿಗೆ ಮೊದ್ಲಿಂದ್ಲೂ ಬತ್ತಿತ್ತು. ಗೊತ್ತಿಲ್ಲ ಅನ್ನಾಕೆ ಇವತ್ತು ಬಂತು.”

ನೀತಿ: ಮಕ್ಕಳೇ, ಹಾರ್ಡ್ ಅಂದರೆ ಗಟ್ಟಿ, ಹಾರ್ಡ್ಲಿ ಅಂದರೆ ಆಗುವುದೇ ಅನುಮಾನ. ಇದನ್ನು ನೆನಪಿಟ್ಟುಕೊಳ್ಳಿ. ಮರೆತರೂ ಚಿಂತೆಯಿಲ್ಲ, ನಿಘಂಟು ಇದೆ, ಕೇಳಿದರೆ ಹೇಳುವ ಟೀಚರ್ ಇದ್ದಾರೆ. ಆದರೆ ಗೊತ್ತಿಲ್ಲದ ಪದಕ್ಕೆ ಗೊತ್ತಿರುವವರಂತೆ ಅರ್ಥ ಹೇಳಬೇಡಿ. ನಿಮ್ಮ ಮಾತನ್ನು ನಂಬಿ ಬುಟ್ಟಿಯಲ್ಲಿ ಕೂರುವವರು ಬೇರೆಯವರು. ‘ನನಗೆ ಗೊತ್ತಿಲ್ಲ’ ಎಂದರೆ ಹೋಗುವುದು ನಿಮ್ಮ ಜಂಬ ಒಂದೇ. ಅನ್ನದಿದ್ದರೆ ಹೋಗುವುದು ಅವರ ಜೀವ.