ಕಲ್ಲಿನ ಮೇಲೆ ಹನ್ನೊಂದು ಹೆಸರು

ಹೊಳೆಯ ಆ ದಡದಲ್ಲಿ ಕಾಲೇಜು. ಈ ದಡದಲ್ಲಿ ಆಶ್ರಮ.

ಚನ್ನವೀರ ಮೇಷ್ಟ್ರು ಆ ದಡದಲ್ಲಿ ಮೂವತ್ತು ವರ್ಷ ಹುಡುಗರಿಗೆ ಫುಟ್‌ಬಾಲ್ ಕಲಿಸಿದರು. ನಿವೃತ್ತಿಯಾದ ಮೇಲೆ ಈ ದಡಕ್ಕೆ ಬಂದರು. ಈಗ ಆಶ್ರಮದ ಅಡುಗೆಮನೆಗೆ ಅವರೆಕಾಯಿ ಸುಲಿದುಕೊಡುತ್ತಾರೆ. ಕಣ್ಣು ಮಂಜಾಗಿದೆ. ಅವರೆ ಸುಲಿಯುವುದಕ್ಕೆ ಬೆರಳು ಸಾಕು.

ಅವರ ಶಿಷ್ಯ ತಿಪ್ಪೇಶ ಈಗ ಅದೇ ಕಾಲೇಜಿನ ಕೋಚ್. ಒಂದು ಬೆಳಿಗ್ಗೆ ಅವನು ಸೇತುವೆ ದಾಟಿ ಬಂದ. ಕೈಯಲ್ಲಿ ಒಂದು ಹಾಳೆ ಇತ್ತು.

“ಮೇಷ್ಟ್ರೇ, ಕಲ್ಲು ಬಂತು.”

“ಎಂಥ ಕಲ್ಲೋ?”

“ಮೈದಾನದ ಬಾಗಿಲಲ್ಲಿ ನಿಲ್ಲಿಸೋದು. ಬೆಳ್ಳಿ ಪದಕ ಗೆದ್ದವರ ಹೆಸರು ಕೆತ್ತಿಸ್ತೀನಿ ಅಂದಿದ್ದೆನಲ್ಲ. ಕಾಳಾಚಾರಿ ಉಳಿ ಹಿಡಿದು ಕೂತಿದ್ದಾನೆ. ಮಧ್ಯಾಹ್ನದೊಳಗೆ ಹೆಸರು ಕೊಡಬೇಕು.”

ಕಾಲೇಜು ವರ್ಷಕ್ಕೊಬ್ಬ ಆಟಗಾರನಿಗೆ ಬೆಳ್ಳಿ ಪದಕ ಕೊಡುತ್ತಿತ್ತು. ಹಾಗೆ ಗೆದ್ದವರು ಒಟ್ಟು ಮೂವತ್ತನಾಲ್ಕು ಮಂದಿ. ಮೇಷ್ಟ್ರು ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೆದ್ದಿದ್ದರು. ಬಹಳ ವರ್ಷಗಳ ಮೇಲೆ ತಿಪ್ಪೇಶನೂ ಗೆದ್ದಿದ್ದ.

“ಓದು, ಕೇಳೋಣ.”

ತಿಪ್ಪೇಶ ಓದಿದ. ಎಂಟನೆಯ ಹೆಸರಿಗೆ ಮೇಷ್ಟ್ರು ನಕ್ಕರು.

“ಪ್ರಸನ್ನನಾ? ಪೆನಾಲ್ಟಿ ಹೊಡೆಯೋ ಮುಂಚೆ ಮೂರು ಸಲ ಲೇಸ್ ಬಿಚ್ಚಿ ಕಟ್ಟೋನು. ಅಷ್ಟರಲ್ಲಿ ಗೋಲ್‌ಕೀಪರಿಗೆ ನಿದ್ದೆ ಬರೋದು. ಮುಂದೆ?”

ಹನ್ನೊಂದು ಹೆಸರಿಗೆ ಹಾಳೆ ಮುಗಿಯಿತು. ಕೊನೆಯ ಹೆಸರನ್ನು ತಿಪ್ಪೇಶ ಬಾಯೊಳಗೇ ಓದಿದ.

“ಉಳಿದವರು?”

“ಕಲ್ಲಲ್ಲಿ ಹಿಡಿಸಲ್ಲ ಮೇಷ್ಟ್ರೇ. ಅರ್ಧ ಗೇಣಿನ ಅಕ್ಷರ. ಹನ್ನೊಂದೇ ಆಗೋದು. ಒಂದು ತಂಡ ಆಯ್ತಲ್ಲ, ಒಳ್ಳೇದೇ.”

“ಆರಿಸಿದ್ದು ಯಾರು?”

“ನಾನೇ. ಮನಸ್ಸಿಗೆ ಬಂದ ಹಾಗಲ್ಲ ಮತ್ತೆ. ಹಳೇ ರಿಜಿಸ್ಟರೆಲ್ಲ ತೆಗೆಸಿದೆ. ಎತ್ತರ, ತೂಕ, ನೂರು ಗಜದ ಓಟ, ಹೊಡೆದ ಗೋಲು. ಇವತ್ತು ನನ್ನ ತಂಡಕ್ಕೆ ಹುಡುಗರನ್ನ ಯಾವ ಅಳತೆಯಲ್ಲಿ ಆರಿಸ್ತೀನೋ ಅದೇ ಅಳತೆಯಲ್ಲಿ ಎಲ್ಲರಿಗೂ ಅಂಕ ಹಾಕಿದೆ. ನೂರಕ್ಕೆ ಇಷ್ಟು ಅಂತ.”

“ನಿನಗೆಷ್ಟು ಬಂತು?”

“ಎಂಬತ್ತೆಂಟು.”

“ಪರವಾಗಿಲ್ಲ. ಪೇಪರ್ ತಿದ್ದಿದ್ದೂ ನೀನೇ ತಾನೇ?”

ತಿಪ್ಪೇಶ ನಕ್ಕುಬಿಟ್ಟ.

“ನೂರು ಗಜದ ಓಟ ಅಂದೆಯಲ್ಲ,” ಎಂದರು ಮೇಷ್ಟ್ರು. “ನಮ್ಮ ಕಾಲದಲ್ಲಿ ಗಡಿಯಾರ ಇರಲಿಲ್ಲ. ಡ್ರಿಲ್ ಮಾಸ್ತರರು ಒಂದು, ಎರಡು ಅಂತ ಬಾಯಲ್ಲಿ ಎಣಿಸೋರು. ಕೆಮ್ಮು ಬಂದರೆ ಎಣಿಕೆ ನಿಲ್ಲೋದು. ಅವರು ಕೆಮ್ಮಿದ ದಿನ ನಾವೆಲ್ಲ ಜಿಂಕೆ ಹಾಗೆ ಓಡಿದ್ದೀವಿ, ರಿಜಿಸ್ಟರಿನಲ್ಲಿ.”

ಅವರ ಬೆರಳು ಒಂದು ಕಾಯಿ ಬಿಡಿಸಿತು. ಕಾಳು ಬುಟ್ಟಿಗೆ ಬಿದ್ದವು.

“ದೂದ್‌ಪೀರನ ಹೆಸರು ಕೇಳಿಸಲಿಲ್ಲ.”

“ಅವರಿಗೆ ಬಂದಿದ್ದು ಇಪ್ಪತ್ತಾರೇ ಅಂಕ, ಮೇಷ್ಟ್ರೇ. ಐದಡಿ ಮೂರಂಗುಲ. ಆ ಎತ್ತರದ ಹುಡುಗ ಇವತ್ತು ಬಂದರೆ ನಾನು ಡಿಫೆನ್ಸಿಗೆ ನಿಲ್ಲಿಸೋದೇ ಇಲ್ಲ. ಒಂದು ಗೋಲೂ ಹೊಡೆದಿಲ್ಲ. ಯಾತಕ್ಕೆ ಪದಕ ಕೊಟ್ಟರೋ, ನನಗಂತೂ ತಿಳೀಲಿಲ್ಲ.”

ಮೇಷ್ಟ್ರು ಎದ್ದು ಗೋಡೆ ಹಿಡಿದು ಒಳಗೆ ಹೋದರು. ಒಂದು ಹಳೆಯ ಚೆಂಡು ತಂದರು. ಕಂದು ಚರ್ಮದ್ದು. ಅದರ ಬಾಯಿಯನ್ನು ಚರ್ಮದ ದಾರದಿಂದ ಬಿಗಿದು ಹೊಲಿದಿದ್ದರು. ತಿಂಗಳಿಗೊಮ್ಮೆ ಅವರು ಅದಕ್ಕೆ ಹರಳೆಣ್ಣೆ ಸವರುವುದು ಆಶ್ರಮಕ್ಕೆಲ್ಲ ಗೊತ್ತಿತ್ತು.

“ಹೊಳೆಗೆ ಹಾಕು.”

“ಹಾಳಾಗುತ್ತೆ ಮೇಷ್ಟ್ರೇ!”

“ಹಾಕು. ತೇಲಿ ಹೋಗದ ಹಾಗೆ ಎರಡು ಕಲ್ಲಿನ ಸಂದಿಗೆ ಸಿಕ್ಕಿಸು.”

ತಿಪ್ಪೇಶ ಸಿಕ್ಕಿಸಿ ಬಂದ. ಇಬ್ಬರೂ ಕೂತು ಅವರೆಕಾಯಿ ಸುಲಿದರು. ತಿಪ್ಪೇಶ ಎರಡು ಸಲ ಗಡಿಯಾರ ನೋಡಿಕೊಂಡ. ರಾಶಿ ಕರಗಿದ ಮೇಲೆ ಮೇಷ್ಟ್ರು ಕೈ ಒರೆಸಿಕೊಂಡರು.

“ಈಗ ತಾ. ಎತ್ತರಕ್ಕೆ ಎಸೆದು ತಲೆಯಲ್ಲಿ ಹೊಡಿ.”

ಚೆಂಡು ನೀರು ಕುಡಿದು ಭಾರವಾಗಿತ್ತು. ತಿಪ್ಪೇಶ ಎಸೆದ. ಹಣೆ ಕೊಟ್ಟ. ಚೆಂಡು ಮುಂದಕ್ಕೆ ಹೋಗಲಿಲ್ಲ, ಅವನ ಕಾಲ ಬಳಿಯೇ ಬಿತ್ತು. ಅವನು ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ದಾರದ ಗಂಟು ತಗುಲಿದ ಕಡೆ ಮುಟ್ಟಿ ನೋಡಿಕೊಂಡ. ಬೆರಳಿಗೆ ರಕ್ತ ಹತ್ತಿತು.

“ಇನ್ನೊಂದು ಸಲ?”

“ಬೇಡ ಮೇಷ್ಟ್ರೇ.”

“ದೂದ್‌ಪೀರ ಇಂಥ ಚೆಂಡನ್ನ ಹತ್ತೊಂಬತ್ತು ಸಲ ಹೊಡೆದ,” ಎಂದರು ಮೇಷ್ಟ್ರು. “ಅವನಿಗೆ ಪದಕ ಬಂದ ವರ್ಷದ ಫೈನಲ್. ಮೊದಲಿಂದ ಕೊನೇವರೆಗೂ ಮಳೆ. ನಾನು ಅವನ ಪಕ್ಕದಲ್ಲೇ ಆಡ್ತಿದ್ದೆ, ಎಣಿಸಿದ್ದೀನಿ. ಬಂದ ಚೆಂಡಿಗೆಲ್ಲ ನನಗಿಂತ ಮುಂಚೆ ಹಾರೋನು, ಆ ಕುಳ್ಳ. ಒಂದು ಗೋಲಿನಿಂದ ಗೆದ್ದೆವು. ಮಾರನೇ ದಿನ ಹಣೆ ಊದಿ ಎರಡು ಕಣ್ಣೂ ಮುಚ್ಚಿಹೋಗಿದ್ದವು. ಒಂದು ವಾರ ಅವನ ಪಾಠವೆಲ್ಲ ನಾನೇ ಓದಿ ಹೇಳಿದೆ. ಅವರಮ್ಮ ಉಪ್ಪಿನ ಶಾಖ ಕೊಡ್ತಾ ನನ್ನನ್ನ ಬಯ್ಯೋರು. ‘ನಿನ್ನ ತಲೆ ಏನಾಗಿತ್ತೋ, ಮನೇಲಿ ಬಿಟ್ಟು ಹೋಗಿದ್ದೆಯಾ?’ ಅಂತ.”

ಮೇಷ್ಟ್ರು ನಕ್ಕರು. ನಗು ನಿಂತ ಮೇಲೆ ಹೊಳೆಯ ಕಡೆ ಮುಖ ತಿರುಗಿಸಿದರು.

“ಅವರು ಈಗ ಎಲ್ಲಿದ್ದಾರೆ?”

“ತೀರಿಕೊಂಡ. ಹೋದ ಸುಗ್ಗಿಯಲ್ಲಿ.”

ತಿಪ್ಪೇಶ ಹಾಳೆ ತಿರುವಿ ಹಿಂದುಗಡೆ ಏನೋ ಗೀಚಿದ.

“ಸರಿ ಮೇಷ್ಟ್ರೇ. ಚರ್ಮದ ಚೆಂಡಿನಲ್ಲಿ ಆಡಿದವರಿಗೆಲ್ಲ ಹತ್ತು ಅಂಕ ಸೇರಿಸ್ತೀನಿ. ಬರಿಗಾಲಲ್ಲಿ ಆಡಿದ್ದಕ್ಕೆ ಇನ್ನೈದು.”

“ಗ್ರೇಸ್ ಮಾರ್ಕ್ಸಾ?”

“ಹಾಗಲ್ಲ…”

“ಈಗ ದೂದ್‌ಪೀರನಿಗೆ ಎಷ್ಟಾಯ್ತು?”

“ನಲವತ್ತೊಂದು.”

“ಕಲ್ಲಿನ ಮೇಲೆ ಬರೋಕೆ ಎಷ್ಟು ಬೇಕು?”

“ಎಪ್ಪತ್ತು.”

“ಪಾಪ, ಮತ್ತೆ ಫೇಲಾದ.”

ಮೇಷ್ಟ್ರು ಸಿಪ್ಪೆಯನ್ನೆಲ್ಲ ಕೈಯಿಂದ ಒಟ್ಟುಮಾಡಿದರು.

“ಹನ್ನೊಂದನೇ ಹೆಸರು ಇನ್ನೊಂದು ಸಲ ಓದು.”

ತಿಪ್ಪೇಶ ಹಾಳೆ ಮಡಿಸಿದ.

“ನನ್ನದೇ ಅಲ್ಲವೇ? ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ.”

“ನಿಮ್ಮದೇ.”

“ನನಗೆಷ್ಟು?”

“ಅದನ್ನ ಬಿಡಿ ಮೇಷ್ಟ್ರೇ.”

“ಅಂಕ ಕೇಳಿದೆ.”

“ಮೂವತ್ತೊಂದು.”

“ದೂದ್‌ಪೀರನಿಗಿಂತ ಐದು ಹೆಚ್ಚು! ಅವನಿದ್ದಿದ್ದರೆ ಜಗಳಕ್ಕೇ ಬರ್ತಿದ್ದ.” ಮೇಷ್ಟ್ರು ಶಿಷ್ಯನ ಕಡೆ ತಿರುಗಿದರು. “ಮೂವತ್ತೊಂದು ತಗೊಂಡು ನಾನು ಹೇಗೋ ಪಾಸಾದೆ?”

ತಿಪ್ಪೇಶನ ಕಿವಿ ಕೆಂಪಾಯಿತು.

“ನಿಮ್ಮನ್ನ ಬಿಟ್ಟು ಆ ಕಲ್ಲು ನಿಲ್ಲಿಸೋಕಾಗುತ್ತಾ? ಕಾಲೇಜು ಬಿಟ್ಟು ಗ್ಯಾರೇಜು ಸೇರಿದ್ದವನು ನಾನು. ಮೂರು ತಿಂಗಳು ದಿನಾ ಬೆಳಿಗ್ಗೆ ಬಂದು ಬಾಗಿಲು ಬಡಿದಿರಿ. ಗ್ರೀಸ್ ಕೈಯಲ್ಲೇ ಎಳಕೊಂಡು ಹೋದಿರಿ. ನಿಮ್ಮ ನೂರು ಗಜದ ಓಟ ಕಟ್ಟಿಕೊಂಡು ನನಗೇನಾಗಬೇಕು? ನಾನು ನಿಮ್ಮನ್ನ ಬಲ್ಲೆ.”

“ಸರಿ. ನೀನು ಬಿಟ್ಟ ಇಪ್ಪತ್ತಮೂರು ಜನರಲ್ಲಿ ಎಷ್ಟು ಜನರನ್ನ ಬಲ್ಲೆ?”

ತಿಪ್ಪೇಶ ಯೋಚಿಸಿದ.

“ಒಬ್ಬರನ್ನೂ ಇಲ್ಲ.”

ಆಮೇಲೆ ಅವನ ಕೈ ತಾನಾಗಿ ಹಣೆಗೆ ಹೋಯಿತು.

“ಒಬ್ಬರನ್ನ,” ಎಂದ.

“ಹಾಗಾದರೆ ಇನ್ನು ಇಪ್ಪತ್ತೆರಡು. ಕೂತ್ಕೋ. ಕೆಲವರ ಜೊತೆ ಆಡಿದ್ದೀನಿ, ಕೆಲವರಿಗೆ ಕಲಿಸಿದ್ದೀನಿ. ಒಬ್ಬೊಬ್ಬರನ್ನಾಗಿ ಹೇಳ್ತೀನಿ.”

“ಕೇಳ್ತೀನಿ ಮೇಷ್ಟ್ರೇ. ಆದರೆ ಅಷ್ಟೂ ಹೆಸರು ಕಲ್ಲಿನ ಮೇಲೆ ಹಿಡಿಸಬೇಕಲ್ಲ.”

“ಅಕ್ಷರ ಅಷ್ಟು ದೊಡ್ಡದು ಯಾಕೆ ಇಟ್ಟೆ?”

ತಿಪ್ಪೇಶ ತಡೆದು ತಡೆದು ಹೇಳಿದ.

“ಡಾಕ್ಟರು ಹೇಳಿದ್ದು ನನಗೆ ಗೊತ್ತು. ಮುಂದಿನ ವರ್ಷಕ್ಕೆ ನಿಮಗೆ ಏನೂ ಕಾಣಲ್ಲವಂತೆ. ಅದಕ್ಕೆ ಮುಂಚೆ ನಿಮ್ಮ ಹೆಸರನ್ನ ನೀವು ಒಂದು ಸಲ ಕಣ್ಣಾರೆ ನೋಡಬೇಕು. ಅರ್ಧ ಗೇಣಿಗಿಂತ ಸಣ್ಣದಾದರೆ ನಿಮಗೆ ಓದೋಕಾಗಲ್ಲ.”

ಮೇಷ್ಟ್ರು ಕೈ ಚಾಚಿದರು. ಅವರ ಬೆರಳು ಶಿಷ್ಯನ ಮುಖದ ಮೇಲೆ ಹುಡುಕಿ ಹಣೆಯ ಗಾಯ ಕಂಡುಕೊಂಡಿತು. ಹೆಗಲ ಮೇಲಿನ ವಸ್ತ್ರದ ತುದಿ ನೆನೆಸಿ ರಕ್ತ ಒರೆಸಿದರು.

ಫೋನ್ ಬಂತು. ಕಾಳಾಚಾರಿಯ ದನಿ ಹೊರಗೂ ಕೇಳಿಸುವಷ್ಟು ದೊಡ್ಡದು.

“ಏನ್ ಸಾರ್, ಹೆಸರು ಕೊಡ್ತೀರೋ, ಊಟ ಮಾಡಿ ಮಲಗಲೋ?”

ತಿಪ್ಪೇಶ ಫೋನನ್ನು ಕಿವಿಯಿಂದ ದೂರ ಹಿಡಿದ.

“ಏನು ಹೇಳಲಿ ಮೇಷ್ಟ್ರೇ?”

“ಮೂವತ್ತನಾಲ್ಕೂ ಹೆಸರು ಒಂದೂವರೆ ಅಂಗುಲದಲ್ಲಿ ಕೆತ್ತು ಅನ್ನು. ಕಲ್ಲು ನಿಲ್ಲಿಸಿದ ದಿನ ನನ್ನನ್ನ ಅದರ ಮುಂದೆ ಕೂರಿಸಿ ಒಂದೊಂದೇ ಹೆಸರು ಓದು. ನೀನು ಓದ್ತಾ ಹೋಗು, ನಾನು ಅವರನ್ನ ನೋಡ್ತೀನಿ.”