ದೀಪಕ್ಕೆ ಬೆನ್ನು ಹಾಕಿದ ಉಪಗ್ರಹ

ಇಂದುಧರ ಗುರುಗಳನ್ನು ಹುಡುಕಿಕೊಂಡು ನದಿಯ ದಂಡೆಗೆ ಬಂದ. ಸಂಜೆಯಾಗಿತ್ತು.

ಅವನು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡ ಉಪಗ್ರಹವೊಂದನ್ನು ವಿಶ್ವವಿದ್ಯಾಲಯ ಮತ್ತು ಒಂದು ಕಂಪನಿ ಸೇರಿ ಕಟ್ಟುತ್ತಿದ್ದವು. ಪೆಟ್ಟಿಗೆ, ತಂತಿ, ಅದನ್ನು ತಿರುಗಿಸುವ ಆಯಸ್ಕಾಂತದ ಸುರುಳಿಗಳು ಕಂಪನಿಯವು. ಯಾವಾಗ ಎತ್ತ ತಿರುಗಬೇಕೆಂದು ಹೇಳುವ ಪ್ರೋಗ್ರಾಂ ಇಂದುಧರನದು.

ಗುರುಗಳಾದ ಸಂಕಣ್ಣವರ ಮೇಷ್ಟ್ರು ಕೈ ಹಿಂದೆ ಕಟ್ಟಿ ನಡೆಯುತ್ತಿದ್ದರು. ಅರ್ಧ ಅಂಕವನ್ನೂ ಯಾರಿಗೂ ಸುಮ್ಮನೆ ಕೊಟ್ಟವರಲ್ಲ.

"ಮತ್ತೆ ಬೆನ್ನು ತಿರುಗಿಸಿತು, ಸರ್," ಎಂದ ಇಂದುಧರ.

ಪರೀಕ್ಷೆಗೆಂದು ಕೋಣೆ ಕತ್ತಲು ಮಾಡಿ, ಉಪಗ್ರಹವನ್ನು ದಾರದಲ್ಲಿ ತೂಗುಬಿಟ್ಟು, ಸೂರ್ಯನ ಬದಲು ಒಂದು ದೀಪ ಹಚ್ಚುತ್ತಾರೆ. ಉಪಗ್ರಹ ತಾನೇ ದೀಪದ ಕಡೆ ಮುಖ ಮಾಡಬೇಕು. ಮೇಲೆ ಹೋಗಿ ಸೂರ್ಯನಿಗೆ ಬೆನ್ನು ಹಾಕಿದರೆ ಬ್ಯಾಟರಿ ಬರಿದಾಗಿ ಸತ್ತಂತೆಯೇ.

ಈ ಪರೀಕ್ಷೆಗೆ ಎರಡೂ ಕಡೆಯವರು ಹಾಜರಿರಬೇಕು. ಒಬ್ಬರೇ ಮಾಡುವ ಹಾಗಿಲ್ಲ. ಕಟ್ಟಿ ಮುಗಿಯಿತೆಂದು ಎರಡೂ ಕಡೆಯವರ ಸಹಿಯಾದ ಮೇಲೆ ಯಾರೂ ಏನನ್ನೂ ಮುಟ್ಟುವ ಹಾಗೂ ಇಲ್ಲ. ತಪ್ಪು ಕಂಡರೆ ಜಂಟಿ ಸಮಿತಿಗೆ ಬರೆಯಬೇಕು. ಸಮಿತಿ ಸೇರುವಷ್ಟರಲ್ಲಿ ರಾಕೆಟ್ ಹೋಗಿ ಬಹಳ ದಿನವಾಗಿರುತ್ತದೆ.

ಗುರುಗಳು ನಡೆಯುತ್ತಲೇ ಇದ್ದರು. ಇಂದುಧರ ಹಿಂದೆಯೇ ನಡೆಯುತ್ತ ನಡೆದದ್ದನ್ನೆಲ್ಲ ಹೇಳಿದ.

ಮೊದಲ ಸಲ ಉಪಗ್ರಹ ಬೆನ್ನು ತಿರುಗಿಸಿದಾಗ ಅವನು ಯಾರಿಗೂ ಹೇಳದೆ ಪ್ರೋಗ್ರಾಮಿನಲ್ಲಿ ಕೂಡು ಚಿಹ್ನೆಯನ್ನು ಕಳೆ ಚಿಹ್ನೆ ಮಾಡಿದ. ಕಂಪನಿಯ ಎಂಜಿನಿಯರ್ ಫ್ಲೇವಿಯಾ, ಅವಳೂ ಯಾರಿಗೂ ಹೇಳದೆ, ಸುರುಳಿಯ ತಂತಿಗಳನ್ನು ಅದಲುಬದಲು ಮಾಡಿದ್ದಳು. ಎರಡು ತಿದ್ದುಪಡಿ ಸೇರಿ ದಿಕ್ಕು ಎರಡು ಸಲ ತಿರುವುಮುರುವಾಗಿ, ತಪ್ಪು ಇದ್ದಲ್ಲಿಯೇ ಉಳಿಯಿತು. ಎರಡನೆಯ ಪರೀಕ್ಷೆಯಲ್ಲೂ ಬೆನ್ನು.

ಅವಳ ಕೈವಾಡ ಅವನಿಗೆ ಹೊಳೆಯಿತು. ತನ್ನ ಚಿಹ್ನೆಯನ್ನು ಮೊದಲಿನಂತೆ ಮಾಡಿದ. ಅವನ ಕೈವಾಡ ಅವಳಿಗೂ ಹೊಳೆದಿರಬೇಕು. ತಂತಿಗಳೂ ಮೊದಲಿನಂತಾಗಿದ್ದವು. ಇವತ್ತು ಮೂರನೆಯ ಸಲವೂ ಬೆನ್ನು.

"ನಾಳೆ ಬೆಳಿಗ್ಗೆ ಕೊನೆಯ ಪರೀಕ್ಷೆ, ಸರ್. ಸರಿ ಹೋದರೆ ರಾಕೆಟ್ಟಿಗೆ. ಇಲ್ಲದಿದ್ದರೆ ನಮ್ಮ ಜಾಗ ಬೇರೆಯವರಿಗೆ."

"ಮೊದಲು ತಪ್ಪಿದ್ದು ಯಾರು?"

"ಅದೇ ತಿಳಿಯುತ್ತಿಲ್ಲ. ಅವರು ಪೆಟ್ಟಿಗೆಯ ಹೊರಗೆ ನಿಂತು ಎಡ ಬಲ ಗುರುತು ಹಾಕಿದ್ದಾರೆ. ನಾನು ಒಳಗೆ ಕೂತವನ ಹಾಗೆ ಎಣಿಸಿದ್ದೆ. ಇಬ್ಬರದೂ ಸರಿ."

"ಇಬ್ಬರದೂ ಸರಿ. ಉಪಗ್ರಹ ಒಂದೇ ತಪ್ಪು."

ಗುರುಗಳು ನಡಿಗೆ ನಿಧಾನಿಸಿದರು.

"ನೀನು ತಿದ್ದಿದ್ದು ಯಾಕೆ?"

"ಅವಳ ಹೆಸರು ಕೆಡಬಾರದು ಅಂತ."

"ಅವಳು?"

"ನನ್ನ ಹೆಸರು ಕೆಡಬಾರದು ಅಂತ ಇರಬೇಕು."

"ಒಳ್ಳೆಯವರು," ಎಂದರು ಗುರುಗಳು. ಹೊಗಳಿಕೆಯಂತೆ ಕೇಳಿಸಲಿಲ್ಲ.

ಇಂದುಧರ ತನ್ನ ಗೊಂದಲವನ್ನು ಇನ್ನೊಮ್ಮೆ ಹರಡಿಟ್ಟ. ತಾನು ಬದಲಿಸಿದರೆ ಅವಳೂ ಬದಲಿಸಿಯಾಳು. ತಾನು ಬಿಟ್ಟರೆ ಅವಳೂ ಬಿಟ್ಟಾಳು. ಅವಳ ಮನಸ್ಸನ್ನು ಊಹಿಸಲು ಹೊರಟರೆ ಅವಳು ತನ್ನ ಮನಸ್ಸನ್ನು ಊಹಿಸುತ್ತಿರುತ್ತಾಳೆ. ಕೇಳೋಣವೆಂದರೆ, ಸಹಿಯಾದ ಮೇಲೆ ಮುಟ್ಟಿದ್ದನ್ನು ಬಾಯಿಬಿಟ್ಟು ಒಪ್ಪಿಕೊಂಡಂತೆ. ತಲೆ ಚಿಟ್ಟು ಹಿಡಿದಿದೆ ಎಂದ.

ಗುರುಗಳು ಬಿರಬಿರನೆ ಮುಂದೆ ಹೋದರು. ಸ್ವಲ್ಪ ದೂರದಲ್ಲಿ ತಿರುಗಿ, ನೇರ ಅವನ ಮೇಲೆಯೇ ಬರುವಂತೆ ನಡೆದು ಬಂದರು.

ಕಾಲುದಾರಿ ಕಿರಿದು. ಒಂದು ಬದಿ ನೀರು, ಒಂದು ಬದಿ ಜಾಲಿ.

ಇಂದುಧರ ದಾರಿ ಬಿಡಲು ನೀರಿನ ಕಡೆ ಸರಿದ. ಗುರುಗಳೂ ನೀರಿನ ಕಡೆ ಸರಿದರು.

ಅವನು ಗಾಬರಿಯಾಗಿ ಜಾಲಿಯ ಕಡೆ ಸರಿದ. ಅವರೂ ಜಾಲಿಯ ಕಡೆ ಸರಿದರು. ಅವನ ತೋಳಿಗೆ ಮುಳ್ಳು ಗೀರಿತು.

"ಕ್ಷಮಿಸಿ ಸರ್," ಎಂದು ಮತ್ತೆ ನೀರಿನ ಕಡೆ ಬಂದ.

ಈ ಸಲ ಗುರುಗಳು ಅಲುಗಾಡಲಿಲ್ಲ. ಕಂಬದ ಹಾಗೆ ನಿಂತರು. ಇಂದುಧರ ಅವರ ಪಕ್ಕದಿಂದ ಸಲೀಸಾಗಿ ದಾಟಿದ.

ದಾಟಿದ ಮೇಲೆ ಅವನ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಏನೋ ಒಂದು ತಿಳಿದ ಮುಖ.

"ಗೊತ್ತಾಯಿತು ಸರ್. ಒಬ್ಬರು ಅಲುಗಾಡದೆ ನಿಲ್ಲಬೇಕು. ನಾನು ಇನ್ನು ಏನನ್ನೂ ಮುಟ್ಟುವುದಿಲ್ಲ. ಅವಳು ಬದಲಿಸಲಿ."

ನಮಸ್ಕರಿಸಿ ಹೊರಟ.

ಗುರುಗಳು ಹಿಂದಿನಿಂದ ಕರೆದರು.

"ಇಂದುಧರ, ಅವಳ ಗುರುವೂ ಈ ಹೊತ್ತಿನಲ್ಲಿ ಅವಳಿಗೆ ಇದೇ ಪಾಠ ಹೇಳಿ ಕಳಿಸಿದ್ದರೆ?"