ಬುಟ್ಟಿ ಮುಚ್ಚಿದ ಡೇರೆ ಹೂವು

ಹೊಳೆ ದಂಡೆಯ ಮೇಲೊಂದು ಪುಟ್ಟ ಆಶ್ರಮ. ಅಲ್ಲಿ ನಿಂಗಾಜಮ್ಮ ಅಂತ ಒಬ್ಬರು ಗುರು ಇದ್ದರು. ಬಂದವರೆಲ್ಲ ಅವರನ್ನು ಅವ್ವ ಅಂತಲೇ ಕರೆಯುತ್ತಿದ್ದರು.

ಅವ್ವನ ಅಂಗಳದ ಡೇರೆ ಹೂವು ಅಂದರೆ ಸುತ್ತಮುತ್ತ ಹೆಸರುವಾಸಿ. ಡೇಲಿಯಾ ಅಂತಾರಲ್ಲ, ಅದೇ. ಊಟದ ತಟ್ಟೆಯಷ್ಟು ದೊಡ್ಡದು, ಕಡುಗೆಂಪು, ಎಸಳಿನ ಮೇಲೆ ಎಸಳು. ಅದರ ಗೆಡ್ಡೆಯನ್ನು ಅವ್ವನಿಗೆ ಕೊಟ್ಟವರು ಅವರ ಗುರುಗಳು. ಗಿಡ ಒಣಗಿದ ಮೇಲೆ ಗೆಡ್ಡೆ ಅಗೆದು ಮರಳಲ್ಲಿ ಮುಚ್ಚಿಡುವರು, ಕಾಲ ಬಂದಾಗ ಮತ್ತೆ ನೆಡುವರು. ವರ್ಷ ವರ್ಷವೂ ಅದೇ ಹೂವು.

ಅವ್ವನ ಶಿಷ್ಯ ಶಿವಮಲ್ಲು. ಮೀಸೆ ನರೆತ ಮೇಲೆ ಎಮ್ಮೆ ವ್ಯಾಪಾರ ಬಿಟ್ಟು ಬಂದವನು. ಒಳ್ಳೆಯವನೇ, ಆದರೆ ಅವನಿಗೊಂದು ಚಟ. ಅವ್ವ ಹೇಗೋ ತಾನೂ ಹಾಗೆ. ಅವ್ವ ಮಾತಿಗೆ ಮುಂಚೆ ಕೆಮ್ಮಿದರೆ ಇವನೂ ಕೆಮ್ಮುವನು. ಅವ್ವನಿಗೆ ಮಂಡಿ ನೋವು, ಪಾಪ, ಕುಂಟುವರು. ಇವನ ಮಂಡಿಗೇನು ಬಂದಿತ್ತು ಧಾಡಿ? ಆದರೂ ಕುಂಟುವನು! ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಅನ್ನೋದು ಸುಮ್ಮನೆ ಅಲ್ಲ.

ಅವನ ಆಸೆ ಒಂದೇ. ಅವ್ವನ ಕೈಯಿಂದ ದೀಕ್ಷೆ ಪಡೆಯಬೇಕು.

"ಅವ್ವಾ, ನನಗೆ ದೀಕ್ಷೆ ಯಾವಾಗ ಕೊಡ್ತೀರಿ?"

"ಯಾಕಪ್ಪಾ ಬೇಕು ನಿನಗೆ?"

"ಥೇಟ್ ನಿಮ್ಮ ಹಾಗೇ ಆಗಬೇಕು."

ಅವ್ವ ಅಂಗಳದ ಕಡೆ ಕೈ ತೋರಿಸಿದರು. "ಈ ಸಲ ಡೇರೆ ಗಿಡ ನೀನು ನೋಡ್ಕೋ. ಹೂವಿನ ಕಾಲ ಮುಗೀಲಿ, ಮಾತಾಡೋಣ."

ಶಿವಮಲ್ಲು ಬಿಟ್ಟೂಬಿಡದೆ ದುಡಿದ. ಗಿಡಕ್ಕೊಂದು ಊರುಗೋಲು ನೆಟ್ಟ. ಬಾಳೆ ನಾರಿನಲ್ಲಿ ಹಗುರವಾಗಿ ಕಟ್ಟಿದ. ಬೆಳಿಗ್ಗೆ ಎದ್ದು ಬಸವನಹುಳು ಆರಿಸಿ ಹೊಳೆಯಾಚೆ ಬಿಟ್ಟು ಬಂದ. ಗಿಡ ನಳನಳಿಸಿ ಮೊದಲ ಹೂಗಳನ್ನು ಬಿಟ್ಟಿತು.

ಆಗಲೇ ಪಕ್ಕದೂರಿನ ಭಕ್ತೆಯೊಬ್ಬಳು ಹಾಸಿಗೆ ಹಿಡಿದಳು ಅಂತ ಸುದ್ದಿ ಬಂತು. ಅವ್ವ ಹೊರಟು ನಿಂತರು.

"ಬಾಡಿದ್ದನ್ನ ಬಾಡಿದ ಹಾಗೇ ಕತ್ತರಿಸ್ತಾ ಇರು. ಬಿಟ್ಟರೆ ಗಿಡ ಬೀಜ ಕಟ್ಟೋಕೆ ಹೋಗುತ್ತೆ, ಹೊಸ ಹೂ ಬಿಡಲ್ಲ."

"ಆಯ್ತವ್ವಾ."

ಕೆಲವು ದಿನ ಕಳೆದವು. ಬಿಟ್ಟ ಹೂವೆಲ್ಲ ಎಸಳು ಉದುರಿಸಿ ಮುಚ್ಚಿಕೊಂಡವು. ಶಿವಮಲ್ಲು ಕತ್ತರಿ ಹಿಡಿದು ಬಂದ. ನೋಡಿದರೆ ಗಿಡದ ತುಂಬ ಎರಡು ತರಹದ ತಲೆ. ಕೆಲವು ಗುಂಡಗೆ, ಅಂಗಿ ಗುಂಡಿಯ ಹಾಗೆ. ಕೆಲವು ಚೂಪಗೆ.

ಯಾವುದು ಬಾಡಿದ್ದು, ಯಾವುದು ಮೊಗ್ಗು? ಗಡ್ಡ ಕೆರೆದುಕೊಂಡ. ಅವ್ವನ ಹಾಗೆ ಒಂದು ಸಲ ಕೆಮ್ಮಿದ. ಆಮೇಲೆ ಗುಂಡಗಿದ್ದದ್ದನ್ನೆಲ್ಲ ಕಚಕಚ ಕತ್ತರಿಸಿ ಹಾಕಿದ.

ಅವ್ವ ಬಂದರು. ಗಿಡಗಳ ಮುಂದೆ ನಿಂತರು.

"ಶಿವಮಲ್ಲು, ಮೊಗ್ಗೆಲ್ಲ ಎಲ್ಲಪ್ಪಾ?"

"ಇವೆಯಲ್ಲ ಅವ್ವಾ, ಚೂಪಗೆ."

"ಅವು ಬಾಡಿದ್ದು ಕಣೋ."

ಶಿವಮಲ್ಲು ತಾನು ಕತ್ತರಿಸಿ ಹಾಕಿದ ಗುಂಡು ತಲೆಗಳನ್ನು ನೋಡಿದ. ಗಣೇಶನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿ ಕೂತಿದ್ದ.

"ಚೂಪಗಿರೋದು ಮೊಗ್ಗು ಅಂತ ಯಾರು ಹೇಳಿದ್ರು ನಿನಗೆ?"

"ಮಲ್ಲಿಗೆ ಮೊಗ್ಗು ಚೂಪು. ತಾವರೆ ಮೊಗ್ಗು ಚೂಪು. ದಾಸವಾಳದ್ದೂ ಚೂಪೇ. ಅದಕ್ಕೇ..."

ಅವ್ವನಿಗೆ ನಗು ತಡೆಯಲಾಗಲಿಲ್ಲ. "ಬೆಳ್ಳಗಿರೋದೆಲ್ಲ ಹಾಲು ಅಂದ್ಕೊಂಡೆ, ಅಲ್ವಾ?"

ಇವನಿಗೆ ನಗುವೆಲ್ಲಿ ಬರಬೇಕು? ದೀಕ್ಷೆ ಹೊಳೆ ಪಾಲಾಯಿತು ಅಂತ ಕಣ್ಣಲ್ಲಿ ನೀರು ತುಂಬಿತ್ತು. ಉಳಿದ ಚೂಪು ತಲೆಗಳನ್ನೂ ತೆಗೆದು ಬಿಸಾಡೋಣ ಅಂತ ಕತ್ತರಿ ಎತ್ತಿದ.

"ಬಿಡು, ಇರಲಿ," ಅಂದರು ಅವ್ವ.

"ಯಾಕವ್ವಾ?"

"ಈ ಗಿಡದ ಬೀಜ ಹೇಗಿರುತ್ತೆ ಅಂತ ನಾನು ಕಂಡೇ ಇಲ್ಲ. ಬೀಜ ಕಟ್ಟೋಕೆ ಬಿಟ್ಟವಳೇ ಅಲ್ಲ ನಾನು."

ತಲೆಗಳು ಒಣಗಿ ಗರಿಗರಿಯಾದವು. ಅವ್ವ ಒಂದನ್ನು ಅಂಗೈಯಲ್ಲಿ ತಿಕ್ಕಿದರು. ಹೊಟ್ಟಿನ ನಡುವೆ ಕಪ್ಪಗೆ, ಚಪ್ಪಟೆಯಾಗಿ ಒಂದಷ್ಟು ಬೀಜ ಸಿಕ್ಕವು. ಬೆಳಕಿಗೆ ಹಿಡಿದು ನೋಡಿದರು, ಮೂಸಿ ನೋಡಿದರು, ಒಂದನ್ನು ಹಲ್ಲಿನಲ್ಲಿ ಕಡಿದೂ ನೋಡಿದರು.

"ಇದನ್ನ ಹಾಕಿದರೆ ಯಾವ ಹೂ ಬರುತ್ತೆ ಅವ್ವಾ?"

"ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಅಂತ ಅವ್ವ ಹೇಳಿದ್ದನ್ನು ಶಿವಮಲ್ಲು ಕೇಳಿದ್ದು ಅದೇ ಮೊದಲು. ಅವನಿಗೆ ಒಂದು ತರಹ ಭಯವೇ ಆಯಿತು.

"ಕೆಂಪೇ ಬರುತ್ತೆ ಬಿಡಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ."

"ನೋಡೋಣ. ಮುಂದಿನ ಸಲ ಗೆಡ್ಡೆ ನಾನು ನೆಡ್ತೀನಿ, ಬೀಜ ನೀನು ಹಾಕು. ನಿನ್ನ ಗಿಡ ಹೂ ಬಿಡಲಿ. ಆಗ ದೀಕ್ಷೆ ಮಾತು."

ಹೋದ ಜೀವ ಬಂದ ಹಾಗಾಯಿತು ಅವನಿಗೆ. ಆದರೆ ಆ ಮಾತನ್ನು ತನ್ನ ಲೆಕ್ಕದಲ್ಲೇ ತಿಳಿದುಕೊಂಡ. ಕೆಂಪು ಹೂ ಬಂದರೆ ದೀಕ್ಷೆ, ಬರದಿದ್ದರೆ ಎಮ್ಮೆ ಸಂತೆ.

ಕಾಲ ಬಂತು. ಬೀಜ ಹಾಕಿದ. ಹುಟ್ಟಿದ ಸಸಿಗಳಲ್ಲಿ ಹುಳ ತಿಂದು ಉಳಿದದ್ದು ಒಂದೇ. ಅದನ್ನು ಕೂಸಿನ ಹಾಗೆ ಸಾಕಿದ. ಮಧ್ಯಾಹ್ನ ಬಾಡುತ್ತಾ ಅಂತ ಪಕ್ಕದಲ್ಲೇ ಕೂತು ನೋಡಿದ. ಸಂಜೆ ಬೆರಳಿಟ್ಟು ಮಣ್ಣಿನ ತೇವ ನೋಡಿದ. ಗೆಡ್ಡೆ ಗಿಡಕ್ಕಿಂತ ಇದಕ್ಕೆ ನೀರು ಕಡಿಮೆ ಸಾಕು ಅಂತ ಅವನಿಗೆ ಯಾರೂ ಹೇಳಿಕೊಡಲಿಲ್ಲ. ಬೇರು ಕೊಳೆಯೋಕೆ ಬಂದಾಗ ಅವನೇ ಕಂಡುಕೊಂಡ.

ಅವ್ವ ದಿನಾ ಬೆಳಿಗ್ಗೆ ಕುಂಟಿಕೊಂಡು ಬರುವರು. "ಬಿಡ್ತೇನೋ?"

"ಇನ್ನೂ ಇಲ್ಲವ್ವಾ."

ಮರುದಿನ ಮತ್ತೆ, "ಬಿಡ್ತೇನೋ?"

ಪರೀಕ್ಷೆ ಮಾಡ್ತಿದ್ದಾರೆ ಅಂತ ಶಿವಮಲ್ಲುವಿಗೆ ನಿದ್ದೆಯೂ ಬರದಾಯಿತು.

ಒಂದು ಬೆಳಿಗ್ಗೆ ಬಿಟ್ಟಿತು. ಹಳದಿ! ಒಂದೇ ಸುತ್ತು ಎಸಳು, ನಡುವೆ ತೆರೆದ ಬೊಟ್ಟು. ಹುಚ್ಚೆಳ್ಳು ಹೂವಿಗೆ ಅಕ್ಕ ಅನ್ನಬಹುದು, ಅಷ್ಟೇ.

"ಅಯ್ಯೋ ಶಿವನೇ, ಕೆಟ್ಟೆ," ಅಂತ ತಲೆ ಮೇಲೆ ಕೈ ಹೊತ್ತ.

ಅವ್ವ ಬರುವ ಹೊತ್ತು ಆಗುತ್ತಾ ಬಂದಿತ್ತು. ಶಿವಮಲ್ಲು ಅತ್ತ ಇತ್ತ ನೋಡಿದ. ಗೆಡ್ಡೆ ಗಿಡದ ಕೆಂಪು ಹೂವೊಂದನ್ನು ದಂಟು ಸಮೇತ ಕಿತ್ತ. ತನ್ನ ಗಿಡದ ಊರುಗೋಲಿಗೆ ನಾರಿನಲ್ಲಿ ಬಿಗಿದು ಎಲೆ ಮರೆ ಮಾಡಿದ. ಹಳದಿ ಹೂವನ್ನು ಬಗ್ಗಿಸಿ ಅದರ ಮೇಲೆ ಬುಟ್ಟಿ ಬೋರಲು ಹಾಕಿದ.

"ಬಿಡ್ತೇನೋ?"

"ಬಿಡ್ತವ್ವಾ!"

ಅವ್ವ ಕುಂಟುವುದನ್ನೂ ಮರೆತು ದಡದಡ ಬಂದರು. ಅರ್ಧ ದಾರಿಯಲ್ಲೇ ಕೆಂಪು ಕಂಡಿತು. ಅಲ್ಲೇ ನಿಂತುಬಿಟ್ಟರು.

"ಓ, ಮತ್ತೆ ಅದೇ ಹೂವೇನಾ," ಅಂದರು.

ಆಮೇಲೆ, "ಆಗಲಿ ಬಿಡು. ಹೂ ಬಿಡ್ತಲ್ಲ, ನಾಳೆ ಬೆಳಿಗ್ಗೆ ಮಿಂದು ಬಾ, ದೀಕ್ಷೆ ಕೊಡ್ತೀನಿ," ಅಂದು ಹಿಂದಕ್ಕೆ ತಿರುಗಿದರು.

ಇಷ್ಟು ದಿನ ಬಯಸಿದ ಮಾತು. ಶಿವಮಲ್ಲು ಕುಣಿದಾಡಬೇಕಿತ್ತು. ಆದರೆ ಅವನು ನೋಡಿದ್ದು ಅವ್ವನ ಮುಖವನ್ನು. ಜಾತ್ರೆಗೆ ಕರೆದೊಯ್ಯುತ್ತೇವೆ ಅಂತ ಹೇಳಿ ಮನೆಯಲ್ಲೇ ಬಿಟ್ಟುಹೋದ ಮಗುವಿನ ಮುಖದ ಹಾಗೆ ಬಾಡಿತ್ತು. ಅವ್ವ ಕುಂಟುತ್ತಾ ಹೋಗುತ್ತಿದ್ದರು.

ಸುಮ್ಮನಿದ್ದರೆ ದೀಕ್ಷೆ ಕೈಗೆ ಬಂದಿತ್ತು. ಬಾಯಿ ಬಿಟ್ಟರೆ ಹೋಯಿತು. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ಅವ್ವಾ, ನಿಲ್ಲಿ!"

ಅವ್ವ ನಿಂತರು.

"ಇದು ನಿಮ್ಮದೇ ಹೂ. ನಾನು ಕಟ್ಟಿದ್ದು. ಸುಳ್ಳು ಹೇಳಿದೆ. ನನ್ನ ಗಿಡದ್ದು ಇಲ್ಲಿದೆ, ನೋಡಿ." ಬುಟ್ಟಿ ಎತ್ತಿ ಪಕ್ಕಕ್ಕೆಸೆದ. "ಕೆಂಪಲ್ಲ. ದೊಡ್ಡದೂ ಅಲ್ಲ. ನಿಮ್ಮ ಹಾಗೆ ಬರಲೇ ಇಲ್ಲ ಅವ್ವಾ."

ಹಳದಿ ಹೂವು ಮೆಲ್ಲಗೆ ತಲೆ ಎತ್ತಿತು. ಎಲ್ಲಿತ್ತೋ ಏನೋ, ಒಂದು ಜೇನುಹುಳ ಬಂದು ಅದರ ನಡುವೆ ಕೂತಿತು.

ಅವ್ವ ಹತ್ತಿರ ಬಂದರು. ಮಂಡಿ ನೋವಿಗೆ ಅಯ್ಯಯ್ಯೋ ಅನ್ನುತ್ತಲೇ, ಶಿಷ್ಯರು ಗುರುವಿನ ಮುಂದೆ ಕೂರುವ ಹಾಗೆ ಮಣ್ಣಿನಲ್ಲಿ ಕೂತರು. ಹೂವಿಗೆ ಮುಖ ಇಟ್ಟು ನೋಡಿದರು. ಹುಳ ಎದ್ದು ಹೋಗುವ ತನಕ ನೋಡಿದರು.

ಶಿವಮಲ್ಲು ಕಣ್ಣೊರೆಸಿಕೊಂಡ. "ನಾನು ಹೊರಡಲಾ ಅವ್ವಾ? ದೀಕ್ಷೆ ಕೇಳೋ ಮುಖ ನನಗಿನ್ನೆಲ್ಲಿದೆ?"

"ದೀಕ್ಷೆ ನಾಳೆ ಬೆಳಿಗ್ಗೆ ಅಂದೆನಲ್ಲೋ. ಈಗ ಬಾ, ಇಲ್ಲಿ ಕೂತ್ಕೋ. ಇದು ಎಷ್ಟು ನೀರು ಕುಡಿಯುತ್ತೆ, ಎಷ್ಟು ಬಿಸಿಲು ತಡೆಯುತ್ತೆ, ನನಗೊಂದೂ ಗೊತ್ತಿಲ್ಲ. ಬೆಳೆಸಿದವನು ನೀನು. ಹೇಳಿಕೊಡು ಮಗಾ, ಕಲೀತೀನಿ."